ಸರಸ್ವತಿಪುರಂನ ಬೈಂಡಿಂಗ್ ಅಂಗಡಿಯಲ್ಲಿ ಕೋರಲ್ ಲೊರೆಂಜನ್ನರ ಸಂಪುಟಗಳು

ಮಾನಸಗಂಗೋತ್ರಿಯ ವಿದ್ಯಾರ್ಥಿಗಳ ಮಹಾಪ್ರಬಂಧಗಳಿಗೆ ರಟ್ಟು ಹಾಕಿಕೊಡುವ, ಮೈಸೂರಿನ ಸರಸ್ವತಿಪುರಂನ ಬೈಂಡಿಂಗ್ ಅಂಗಡಿಯೊಂದಕ್ಕೆ ನಾನು ಒಪ್ಪಿಸಿದ್ದು ತುಸು ಬೇರೆ ಬಗೆಯ ಕೆಲಸ. ಅಮೆರಿಕದಲ್ಲಿ ಹಾರುವ ತಟ್ಟೆಗಳ ವರದಿಗಳನ್ನು ಕಲೆಹಾಕಿ ವಿಚಾರಿಸಿದ ಕೋರಲ್ ಲೊರೆಂಜನ್ ಅವರ ಎಪಿಆರ್‌ಒ (ಏರಿಯಲ್ ಫಿನಾಮಿನಾ ರಿಸರ್ಚ್ ಆರ್ಗನೈಸೇಶನ್) ಸಂಸ್ಥೆಯ ಪತ್ರಿಕೆಯನ್ನು ಸ್ಕ್ಯಾನ್ ಪ್ರತಿಗಳಿಂದ ಮುದ್ರಿಸಿ, ವರ್ಷವಾರು ಸಂಪುಟಗಳಾಗಿ ಕಟ್ಟಿಸಬೇಕಿತ್ತು. ಕೆಲಸ ಬಹಳ ಚೆನ್ನಾಗಿ ಬಂದಿದೆ.

ಆ ಮಹಿಳೆಯ ದುಡಿಮೆಯೆಲ್ಲ ಈ ಹಾಳೆಗಳಲ್ಲಿದೆ. ವಿಸ್ಕಾನ್ಸಿನ್‌ನ ಬ್ಯಾರನ್ ಎಂಬ ಊರಿನಲ್ಲಿ 1934ರಲ್ಲಿ, ಇನ್ನೂ ಬಾಲಕಿಯಾಗಿದ್ದಾಗ ಆಕಾಶದಲ್ಲಿ ವಿಚಿತ್ರ ವಸ್ತುವೊಂದನ್ನು ಕಂಡೆನೆಂದು ಹೇಳುತ್ತಿದ್ದ ಅವರು, 1952ರ ಜನವರಿಯಲ್ಲಿ ಪತಿ ಜಿಮ್ ಅವರೊಡನೆ ಅದೇ ರಾಜ್ಯದ ಸ್ಟರ್ಜನ್ ಬೇಯಲ್ಲಿ ಸಂಸ್ಥೆ ಕಟ್ಟಿದರು. ಬ್ರೆಜಿಲ್‌ನ ವೈದ್ಯ ಒಲಾವೊ ಫಾಂಟೆಸ್ ಅವರಂಥವರ ಮೂಲಕ ಹೊರದೇಶಗಳ ವರದಿಗಳನ್ನೂ ತರಿಸಿಕೊಂಡರು. ನ್ಯೂ ಮೆಕ್ಸಿಕೊದ ಸೊಕೊರೊದಲ್ಲಿ 1964ರ ಏಪ್ರಿಲ್ 24ರಂದು ನೆಲಕ್ಕಿಳಿದ ವಸ್ತುವೊಂದನ್ನು ಕಂಡೆನೆಂದು ಪೊಲೀಸ್ ಅಧಿಕಾರಿ ಲಾನಿ ಝಮೋರಾ ಹೇಳಿದಾಗ, ದಂಪತಿ ಸ್ವತಃ ಅಲ್ಲಿಗೆ ಹೋಗಿ ಅವರನ್ನು ಮಾತನಾಡಿಸಿದರು. ಸಾಕ್ಷಿಯ ಬಾಯಿಂದಲೇ ಕೇಳಬೇಕೆಂಬ ಈ ಹಟಕ್ಕಾಗಿಯೇ ನನಗೆ ಅವರಲ್ಲಿ ಗೌರವ. 1969ರಲ್ಲಿ ಸಂಸ್ಥೆಯ ಸದಸ್ಯ ವಾಲ್ಟ್ ಆಂಡ್ರಸ್ ಹೊರನಡೆದು, ಇಂಥದೇ ವರದಿಗಳನ್ನು ವಿಚಾರಿಸುವ ಮ್ಯೂಫಾನ್ ಎಂಬ ಇನ್ನೊಂದು ಸಂಸ್ಥೆ ಸ್ಥಾಪಿಸಿದರು. ಜಿಮ್ 1986ರಲ್ಲಿ, ಕೋರಲ್ 1988ರಲ್ಲಿ ತೀರಿಕೊಂಡ ಮೇಲೆ ಎಪಿಆರ್‌ಒ ಕಡತಗಳು ಖಾಸಗಿಯವರ ಕೈಸೇರಿ, ದಶಕಗಳ ಕಾಲ ಸಂಶೋಧಕರಿಗೆ ದೊರೆಯಲೇ ಇಲ್ಲ. ಹಾಗಾಗಿ ಪತ್ರಿಕೆಯ ಒಂದೊಂದು ಪುಟಕ್ಕೂ ಬೆಲೆಯಿದೆ.

ಅಂಗಡಿಯ ಯಜಮಾನರಿಗೆ ಅದನ್ನು ವಿವರಿಸಬೇಕಾಗಲಿಲ್ಲ. “ಬರೀ ಅಂಟು ಹಾಕಿದರೆ ನಾಲ್ಕು ಸಲ ಬಿಡಿಸುವಷ್ಟರಲ್ಲಿ ಹಾಳೆ ಕಿತ್ತು ಬರುತ್ತೆ ಸರ್, ಎ3ಯಲ್ಲಿ ಪ್ರಿಂಟ್ ತೆಗೆದು ಮಡಿಸಿ ಹೊಲಿಯೋಣ” ಎಂದು ಅವರೇ ಸೂಚಿಸಿದರು. ಹೊಲಿದ ಸಂಪುಟ ಮೇಜಿನ ಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ, ಕೈಯಿಂದ ಒತ್ತಿ ಹಿಡಿಯಬೇಕಾಗಿಲ್ಲ. ಸಂಚಿಕೆಯ ತಿಂಗಳು, ವರ್ಷ ಪುಟದ ಅಂಚಿಗೆ ತೀರ ಹತ್ತಿರವಿದ್ದ ಕಡೆ ಕತ್ತರಿಸುವ ಯಂತ್ರಕ್ಕೆ ಕೊಡುವ ಮುನ್ನ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿ, ನನ್ನ ಒಪ್ಪಿಗೆ ಕೇಳಿದರು. ಟೈಪ್‌ರೈಟರ್ ಅಕ್ಷರಗಳು ಮಸುಕಾಗಿದ್ದ ಪುಟಗಳನ್ನು ಕಪ್ಪು ಹೆಚ್ಚಿಸಿ ಮತ್ತೊಮ್ಮೆ ಮುದ್ರಿಸಿದರು, ಅದಕ್ಕೆ ಬೇರೆ ಹಣ ಕೇಳಲಿಲ್ಲ.

ಕೊರತೆಯೆಂದರೆ, ಬೆನ್ನಿನ ಮೇಲೆ ಒತ್ತುವ ಚಿನ್ನದ ಬಣ್ಣದ ಅಕ್ಷರಗಳು ಅವರಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಇವೆ. ಕನ್ನಡ ಬೇಕೆಂದರೆ ಬ್ಲಾಕ್ ಹೊರಗೆ ಮಾಡಿಸಬೇಕು. ಕನ್ನಡದ ಮಹಾಪ್ರಬಂಧಗಳೂ ಬರುವ ಅಂಗಡಿಯಲ್ಲಿ ಇದು ಇರಲೇಬೇಕಿತ್ತು. ಪ್ರಬಂಧ ಸಲ್ಲಿಕೆಯ ಗಡುವು ಹತ್ತಿರವಾದಾಗ ಇಂಥ ಕೆಲಸಗಳನ್ನು ಅವರು ಬದಿಗಿಡುತ್ತಾರೆ, ಆದ್ದರಿಂದ ಆ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು.