ಅರ್ಕಾ ರಕ್ಷಕ್ ಟೊಮೆಟೊ ಬೀಜ: ಮೂರು ರೋಗಕ್ಕೆ ತಡೆ, ಆದರೆ ಮೂರರ ಬಲವೂ ಒಂದೇ ಅಲ್ಲ

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಈ ಎಫ್‌1 ಹೈಬ್ರಿಡ್ (ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ) ಎಲೆ ಮುದುರು, ದುಂಡಾಣು ಸೊರಗು ಮತ್ತು ಆಲ್ಟರ್ನೇರಿಯಾ ಎಲೆ ಅಂಗಮಾರಿಯನ್ನು ತಡೆದುಕೊಳ್ಳುತ್ತದೆ. ಹಣ್ಣು 90–100 ಗ್ರಾಂ, ಕಡುಕೆಂಪು, ಗಟ್ಟಿ. ಕಿತ್ತ ಮೇಲೆ 15–20 ದಿನ ತಾಳುವುದರಿಂದ ದೂರದ ಮಂಡಿಗೆ ಕಳಿಸುವವರಿಗೆ ಒಳ್ಳೆಯ ತಳಿ. ಸಂಸ್ಥೆ ಹೇಳುವ ಹೆಕ್ಟೇರಿಗೆ 75–80 ಟನ್ ಇಳುವರಿ ಬೇಕಾದರೆ ಹನಿ ನೀರಾವರಿ, ಕೋಲು ಕಟ್ಟುವುದು, ಹದವರಿತ ಗೊಬ್ಬರ ತಪ್ಪುವಂತಿಲ್ಲ.

ಎಲೆ ಮುದುರಿಗೆ ತಡೆ ಕೊಡುವ ಟಿವೈ ವಂಶವಾಹಿಗಳು ಟೊಮೆಟೊದ ಕಾಡು ಬಂಧುಗಳಿಂದ ಬಂದವು. ಈ ರೋಗದ ವೈರಸ್ ಹರಡುವ ಬಿಳಿನೊಣ ಗಿಡದ ಮೇಲೆ ಕೂರುವುದನ್ನು ಇವು ತಡೆಯುವುದಿಲ್ಲ, ಒಳಹೊಕ್ಕ ವೈರಸ್ ಹೆಚ್ಚದಂತೆ ಹಿಡಿದಿಡುತ್ತವೆ. ಹಾಗಾಗಿ ಸಸಿಮಡಿಗೆ 40–50 ಮೆಶ್ (ಅಂಗುಲಕ್ಕೆ ಅಷ್ಟು ಕಣ್ಣಿನ) ನೈಲಾನ್ ಪರದೆ ಕಟ್ಟಲೇಬೇಕು. ಎಳೆಯ ಸಸಿಗೇ ಸೋಂಕು ತಗುಲಿದರೆ ತಡೆಯ ಮೇಲೆ ಭಾರ ಜಾಸ್ತಿ.

ಸೊರಗು ರೋಗದ ಕಥೆಯೇ ಬೇರೆ. ಆ ತಡೆ ಹಲವು ವಂಶವಾಹಿಗಳು ಸೇರಿ ಕೊಡುವಂಥದ್ದು. ಮಣ್ಣಿನ ಬಿಸಿ ಏರಿದಾಗ, ನೀರು ನಿಂತಾಗ, ಗಂಟುಬೇರಿನ ಜಂತು ಬೇರನ್ನು ಗಾಯ ಮಾಡಿದಾಗ ಅದು ಸಡಿಲವಾಗುತ್ತದೆ. ಗಿಡ ಹಸಿರಾಗಿದ್ದಂತೆಯೇ ಬಾಡಿದರೆ ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗಿಸಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಸೊರಗು ತರುವ ರಾಲ್‌ಸ್ಟೋನಿಯಾ ದುಂಡಾಣು. ಎಳೆ ಬಾರದಿದ್ದರೆ ಶಿಲೀಂಧ್ರವನ್ನೋ ಬೇರುಕೊಳೆಯನ್ನೋ ಹುಡುಕಿ, ಬೀಜವನ್ನು ದೂರಬೇಡಿ. ಅದೇ ದುಂಡಾಣು ತಗುಲುವ ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಬೆಳೆದ ಮರುವರ್ಷವೇ ಅದೇ ಹೊಲಕ್ಕೆ ಇದನ್ನು ಹಾಕುವುದು ತಪ್ಪು ಲೆಕ್ಕ.

ಆಲ್ಟರ್ನೇರಿಯಾ ಅಂಗಮಾರಿಯ ತಡೆ ಭಾಗಶಃ ಮಾತ್ರ. ಕೆಳಗಿನ ಎಲೆಗಳಲ್ಲಿ ಉಂಗುರ ಉಂಗುರವಾದ ಕಂದು ಚುಕ್ಕೆ ಕಂಡರೆ ಅವನ್ನು ಕಿತ್ತುಹಾಕಿ. ಔಷಧಿ ಸಿಂಪಡಣೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಥ್ರಿಪ್ಸ್ ಹರಡುವ ಮೊಗ್ಗು ಕೊಳೆ ವೈರಸ್, ಎಲೆ, ಹಣ್ಣು ಕೊರೆಯುವ ಟೂಟಾ ಹುಳು, ಮಳೆಗಾಲದ ಇನ್ನೊಂದು ಬಗೆಯ ಫೈಟಾಫ್ತೊರಾ ಅಂಗಮಾರಿ ಇವುಗಳಿಗೆ ಈ ತಳಿಯ ತಡೆಯನ್ನು ನಂಬಿ ಕೂರಬೇಡಿ.

ಹಣ್ಣಿನಿಂದ ಬೀಜ ತೆಗೆದು ಮತ್ತೆ ಬಿತ್ತುವವರಿಗೆ ಒಂದು ಮಾತು. ತಡೆಯ ವಂಶವಾಹಿ ಒಂದೇ ಪೋಷಕದಿಂದ ಬಂದಿದ್ದರೆ ಮುಂದಿನ ಪೀಳಿಗೆಯಲ್ಲಿ ಸರಾಸರಿ ನಾಲ್ಕು ಗಿಡಕ್ಕೆ ಒಂದರಲ್ಲಿ ಅದು ಇರುವುದೇ ಇಲ್ಲ. ಸೊರಗಿನ ತಡೆಯಂತೂ ಇನ್ನೂ ಚೆದುರಿಹೋಗುತ್ತದೆ. ಪ್ರತಿ ಬೆಳೆಗೂ ಹೊಸ ಬೀಜವನ್ನೇ ತನ್ನಿ.

ಮಂಜು, ಜಿಟಿಜಿಟಿ ಮಳೆಯ ಜಾಗಕ್ಕಾದರೆ ಅದೇ ಸಂಸ್ಥೆಯ ಅರ್ಕಾ ಅಭೇದ್ ಕೊಳ್ಳಿ. ಅದರಲ್ಲಿ ಟಿವೈ2, ಟಿವೈ3 ಜೊತೆಗೆ ಫೈಟಾಫ್ತೊರಾ ತಡೆಯುವ ಪಿಎಚ್2, ಪಿಎಚ್3 ವಂಶವಾಹಿಗಳೂ ಇವೆ.