ಶಿರಸಿಯ ಮಳೆ, ಕೊಯಮತ್ತೂರಿನ ಟ್ರ್ಯಾಕ್: ಬಿಚ್ಚಿ ಕಟ್ಟಿದ ಸಿಟಿ ವಿಟೆಕ್ ಎಂಜಿನ್, ನಾಲ್ಕು ಮಳೆಗಾಲಗಳ ನಂತರ

ನನ್ನದು ಹುಟ್ಟಾ ಸ್ಪೋರ್ಟ್ಸ್ ಕಾರಲ್ಲ. 2002ರ ಹೋಂಡಾ ಸಿಟಿ 1.5 ವಿಟೆಕ್, ನಾಲ್ಕು ಬಾಗಿಲಿನ ಸಂಸಾರಸ್ಥ ಕಾರು. ಆದರೆ 1493 ಸಿಸಿಯಲ್ಲಿ 106 ಅಶ್ವಶಕ್ತಿ ಕೊಡುವ, ನಿಮಿಷಕ್ಕೆ ಐದು ಸಾವಿರ ಸುತ್ತಿನ ಆಸುಪಾಸಿನಲ್ಲಿ ದನಿಯನ್ನೇ ಬದಲಿಸಿಕೊಳ್ಳುವ ಈ ಎಂಜಿನ್ನನ್ನು ಒಮ್ಮೆ ಓಡಿಸಿದವರು ನಗುವುದಿಲ್ಲ. ಶಿರಸಿಯಿಂದ ಹತ್ತು ಕಿಲೋಮೀಟರ್ ಒಳಗಿನ ಊರು, ಅಡಿಕೆ ತೋಟದ ಮನೆ, ಟ್ರ್ಯಾಕಿನ ಹುಚ್ಚು. ಇವು ಮೂರೂ ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ವಿಮರ್ಶೆ. ಎಂಜಿನ್ ಕಟ್ಟಿದ್ದು 2022ರ ಜನವರಿಯಲ್ಲಿ. ಅಲ್ಲಿಂದ ಸುಮಾರು ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ, ಆರು ಸಲ ಟ್ರ್ಯಾಕಿಗೆ ಇಳಿದಿದೆ, ನಾಲ್ಕು ಮಳೆಗಾಲ ಕಳೆದಿದೆ. ಕೊನೆಯ ಲೆಕ್ಕವೇ ಎಲ್ಲಕ್ಕಿಂತ ಭಾರಿಯದು ಎಂದು ಕಟ್ಟುವಾಗ ನನಗೆ ಗೊತ್ತಿರಲಿಲ್ಲ.

ಹಳೆಯ ಎಂಜಿನ್ ಹೋದದ್ದು ನನ್ನ ತಪ್ಪಿನಿಂದಲೇ. ಕೊಯಮತ್ತೂರಿನ ಹತ್ತಿರದ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, 2.1 ಕಿಲೋಮೀಟರಿನ ಟ್ರ್ಯಾಕ್. ಹೊಸ ಟೈರು ಹಾಕಿಸಿಕೊಂಡು ಹೋಗಿದ್ದೆ. ಟೈರು ಹಿಡಿದಷ್ಟೂ ತಿರುವಿನಲ್ಲಿ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಸಂಪಿನ ಆಯಿಲ್ ಒಂದು ಬದಿಗೆ ಸರಿದು ನಿಲ್ಲುತ್ತದೆ. (ನೀರಿನ ಸಂಪಲ್ಲ, ಎಂಜಿನ್ನಿನ ತಳದ ಆಯಿಲ್ ತಟ್ಟೆ.) ಆಗ ಪಂಪಿನ ಬಾಯಿಗೆ ಸಿಗುವುದು ಗಾಳಿ. ಉದ್ದನೆಯ ತಿರುವೊಂದರಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗಿತು. ಬಿಸಿಲು ಬಿದ್ದು ಹೊಳೆಯುತ್ತಿದೆ ಎಂದುಕೊಂಡೆ. ಮೂರು ಸುತ್ತಿನ ನಂತರ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ತಟ್ಟಿದಂತೆ ಸದ್ದು. ಮೂರನೆಯ ಸಿಲಿಂಡರಿನ ರಾಡ್ ಬೇರಿಂಗ್ (ಪಿಸ್ಟನ್ನನ್ನು ಕ್ರ್ಯಾಂಕ್ ದಂಡಕ್ಕೆ ಸೇರಿಸುವ ರಾಡಿನ ಬೇರಿಂಗ್) ಹೋಗಿತ್ತು. ಆ ದೀಪ ಉರಿಯುವುದೇ ಒತ್ತಡ ಪೂರ್ತಿ ಬಿದ್ದ ಮೇಲೆ. ಅದು ಎಚ್ಚರಿಕೆಯಲ್ಲ, ಸೂತಕದ ಸುದ್ದಿ.

ಹೇಗೂ ಎಂಜಿನ್ ಇಳಿಸಬೇಕು, ಇಳಿಸಿದ ಮೇಲೆ ಎಲ್ಲವನ್ನೂ ಮಾಡಿಬಿಡೋಣ ಎಂಬ ಆಸೆ ಇಲ್ಲಿಂದಲೇ ಹುಟ್ಟುತ್ತದೆ. ಹುಬ್ಬಳ್ಳಿಯ ಗುಜರಿಯಲ್ಲಿ ಒಳ್ಳೆಯ ಕ್ರ್ಯಾಂಕ್ ಸಿಕ್ಕಿತು. 75 ಮಿಲಿಮೀಟರಿನ ಬೋರನ್ನು, ಅಂದರೆ ಸಿಲಿಂಡರಿನ ಒಳವ್ಯಾಸವನ್ನು, ಅರ್ಧ ಮಿಲಿಮೀಟರ್ ಹಿಗ್ಗಿಸಿ 75.5 ಮಾಡಿಸಿದೆ, ಹೊರದೇಶದಿಂದ ಫೋರ್ಜ್ಡ್ (ಎರಕವಲ್ಲ, ಒತ್ತಿ ರೂಪಿಸಿದ) ಪಿಸ್ಟನ್ ತರಿಸಿದೆ. ಪಿಸ್ಟನ್, ರಾಡುಗಳನ್ನು ಒಂದು ಗ್ರಾಮಿನೊಳಗೆ ಸರಿತೂಗಿಸಿದ್ದಾಯಿತು. ಹೆಡ್ ಕೆಲಸ, ಹೊಸ ಟೈಮಿಂಗ್ ಬೆಲ್ಟ್, ಬ್ಯಾಫಲ್ (ಆಯಿಲ್ ಸರಿಯದಂತೆ ತಡೆಯುವ ತಗಡು) ಬೆಸೆದ ಸಂಪ್, ಆಯಿಲ್ ಕೂಲರ್, ಒತ್ತಡ ಮತ್ತು ಶಾಖ ತೋರಿಸುವ ಎರಡು ಮೀಟರು, ಎಂಜಿನ್ನಿನ ಕಂಪ್ಯೂಟರಿಗೆ ಜೋಡಿಸುವ ಒಂದು ಉಪಪೆಟ್ಟಿಗೆ. ಎಲ್ಲ ಸೇರಿ 2,85,000 ರೂಪಾಯಿ. ಕಾರು ಕೊಂಡಿದ್ದು 1,70,000ಕ್ಕೆ. ಈ ಎರಡು ಅಂಕಿಗಳನ್ನು ಮನೆಯಲ್ಲಿ ಒಟ್ಟಿಗೆ ಹೇಳಿಲ್ಲ.

ಬೋರ್ ಮಾಡಿದ ಲೇತಿನವರ ಅಳತೆ ಕರಾರುವಾಕ್ಕಾಗಿತ್ತು. ಆದರೆ ಬ್ಲಾಕನ್ನು "ತೊಳೆದು ಕೊಟ್ಟಿದ್ದೇವೆ" ಎಂದದ್ದು ಸುಳ್ಳು. ಬೋರ್ ಮಾಡಿದ ಮೇಲೆ ಒಳಗೋಡೆ ಉಜ್ಜುವ ಹೋನಿಂಗ್ ಕಲ್ಲಿನ ಪುಡಿ ಸಿಲಿಂಡರ್ ಗೋಡೆಯ ಗೀರುಗಳಲ್ಲಿ ಕೂತಿರುತ್ತದೆ. ಅದನ್ನು ಬಿಟ್ಟು ಎಂಜಿನ್ ಕಟ್ಟಿದರೆ ಹೊಸ ರಿಂಗಿಗೆ ಮೊದಲ ದಿನವೇ ಮರಳುಕಾಗದ ತಿಕ್ಕಿದಂತೆ. ಪೆಟ್ರೋಲಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಬಿಸಿನೀರು ಮತ್ತು ಸೋಪೇ ಬೇಕು. ಬಚ್ಚಲ ಹಂಡೆಯಿಂದ ಕುದಿನೀರು ತಂದು, ಅಂಗಳದಲ್ಲಿ ಬ್ಲಾಕ್ ಇಟ್ಟು, ಬಾಟಲಿ ತೊಳೆಯುವ ಬ್ರಷ್ಷಿನಿಂದ ಒಂದೊಂದೇ ಸಿಲಿಂಡರ್ ತಿಕ್ಕಿದೆ. ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸಿದರೆ ಬೂದು ಬಣ್ಣ. ಮತ್ತೆ ತಿಕ್ಕಿದೆ, ಮತ್ತೆ ಬೂದು. ಐದನೆಯ ಸಲ ಪಂಚೆ ಬಿಳಿಯಾಗಿಯೇ ಹೊರಬಂತು. ಜಗುಲಿಯ ಮೇಲಿಂದ ನೋಡುತ್ತಿದ್ದ ಆಯಿ, "ತಮಾ, ನಿನಗೂ ಇಷ್ಟು ಚೆನ್ನಾಗಿ ಮೀಯಿಸಿರಲಿಲ್ಲ" ಎಂದಳು. ಅವಳಿಗೆ ಉತ್ತರ ಕೊಡಲೂ ಪುರುಸೊತ್ತಿರಲಿಲ್ಲ. ಬ್ಲಾಕ್ ಅಲ್ಯೂಮಿನಿಯಂ ಆದರೂ ಒಳಗಿನ ಲೈನರ್ ಬೀಡುಕಬ್ಬಿಣ. ನೀರು ಆರಿದ ನಿಮಿಷಕ್ಕೇ ತೆಳ್ಳಗೆ ಕೆಂಪೇರತೊಡಗುತ್ತದೆ. ಕೂಡಲೇ ಆಯಿಲ್ ಸವರಬೇಕು. ಮುಂದೆ ಬರಲಿದ್ದ ಅನಾಹುತದ ಮುನ್ಸೂಚನೆ ಅದೇ ಆಗಿತ್ತು, ಓದಿಕೊಳ್ಳಲಿಲ್ಲ.

ಪಿಸ್ಟನ್ ರಿಂಗಿನ ಸಂದನ್ನು ನಾನೇ ಅಳೆದೆ. ರಿಂಗನ್ನು ಸಿಲಿಂಡರಿಗೆ ಹಾಕಿ, ಪಿಸ್ಟನ್ನನ್ನು ಬೋರಲಾಗಿ ಹಿಡಿದು ಸಮವಾಗಿ ಕೆಳಗೆ ತಳ್ಳಿ, ತುದಿಗಳ ನಡುವೆ ಫೀಲರ್ ಗೇಜ್ ತೂರಿಸುವುದು. ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು ಎಂಬ ಲೆಕ್ಕದಲ್ಲಿ ನನಗೆ ಬೇಕಾದದ್ದು 0.30 ಮಿಲಿಮೀಟರ್. ಎರಡು ರಿಂಗುಗಳಲ್ಲಿ 0.22 ಮಾತ್ರ ಇತ್ತು. ಹಾಗೇ ಹಾಕಿದ್ದರೆ ಬಿಸಿಯಾಗಿ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುವ ಸಂಭವವಿತ್ತು. ಸಣ್ಣ ಅರದಲ್ಲಿ ಒಂದೇ ದಿಕ್ಕಿಗೆ ಎಳೆದು ಸರಿಮಾಡಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು.

ಇನ್ನೊಂದು ಮಾತು, ಹೋಂಡಾದ ಈ ತಲೆಮಾರಿನ ಎಂಜಿನ್ ಮುಟ್ಟುವವರಿಗೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಜಪ್ಪಯ್ಯ ಎಂದರೂ ಬರುವುದಿಲ್ಲ. ಬೇರೆ ಕಾರುಗಳಲ್ಲಿ ಸ್ಪ್ಯಾನರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಒಂದು ಸಲ ತಿರುಗಿಸಿ ಬೋಲ್ಟು ಸಡಿಲಿಸುವ ಮೇಸ್ತ್ರಿಗಳಿದ್ದಾರೆ. ಈ ಎಂಜಿನ್ ಪುಲ್ಲಿ ಬದಿಯಿಂದ ನೋಡಿದರೆ ಎಡಕ್ಕೆ ತಿರುಗುತ್ತದೆ. ಆ ಉಪಾಯ ಮಾಡಿದರೆ ಬೋಲ್ಟು ಇನ್ನೂ ಬಿಗಿಯಾಗುತ್ತದೆ. ನಾನು, ಭಾವ, ಮತ್ತು ಏಳು ಅಡಿಯ ಪೈಪು: ಮೂವರೂ ಸೇರಿ ತೆಗೆದೆವು.

ರಿಂಗ್ ಕೂರಿಸಲು, ಅಂದರೆ ಹೊಸ ರಿಂಗು ಸಿಲಿಂಡರ್ ಗೋಡೆಗೆ ಸವೆದು ಹೊಂದಿಕೊಳ್ಳುವಂತೆ ಮಾಡಲು, ಶಿರಸಿ-ಕುಮಟೆ ದಾರಿಯ ದೇವಿಮನೆ ಘಟ್ಟದಂಥ ಜಾಗ ಇನ್ನೊಂದಿಲ್ಲ. ಹೊಸ ಎಂಜಿನ್ನನ್ನು ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಬೇಕೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ರಿಂಗ್ ಕೂರುವುದು ಮೊದಲ ಐವತ್ತು ಕಿಲೋಮೀಟರಿನಲ್ಲೇ, ಅದೂ ಭಾರ ಬಿದ್ದಾಗ. ಬೆಳಗಿನ ಐದೂವರೆಗೆ ಲಾರಿಗಳಿಲ್ಲದ ಹೊತ್ತಿನಲ್ಲಿ ಕತಗಾಲದ ಕಡೆಗೆ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದೆ, ಅದೇ ಗೇರಿನಲ್ಲಿ ಮುಕ್ಕಾಲು ಆಕ್ಸಿಲರೇಟರ್ ಕೊಟ್ಟು ಹತ್ತಿದೆ. ಎರಡು ಸಲ. ಮನೆಗೆ ಬಂದು ಆಯಿಲ್ ಸುರಿದರೆ ಬೆಳ್ಳಿಯ ಪುಡಿಯಂತೆ ಹೊಳೆಯುತ್ತಿತ್ತು, ಅದು ಸಹಜ. ಐನೂರು ಕಿಲೋಮೀಟರಿಗೆ ಮತ್ತೆ ಬದಲಿಸಿದಾಗ ಹೊಳಪಿರಲಿಲ್ಲ. ಕಂಪ್ರೆಷನ್ (ಸಿಲಿಂಡರ್ ಹಿಡಿದಿಡುವ ಒತ್ತಡ) ನಾಲ್ಕರಲ್ಲೂ 205ರಿಂದ 210 ಪಿಎಸ್‌ಐ.

ಇನ್ನು ಯಾವುದಕ್ಕೆ ಕೊಟ್ಟ ದುಡ್ಡು ದಕ್ಕಿತು, ಯಾವುದು ದಂಡ.

ಸಂಪಿನ ಬ್ಯಾಫಲಿಗೆ ಕೊಟ್ಟಿದ್ದು 6,500 ರೂಪಾಯಿ. ನಾಲ್ಕು ತಗಡು, ಪಂಪಿನ ಬಾಯಿಯ ಸುತ್ತ ಒಮ್ಮುಖ ಬಾಗಿಲುಗಳು, ಅಷ್ಟೇ. ಈಗ ಅದೇ ತಿರುವಿನಲ್ಲಿ ಒತ್ತಡದ ಮುಳ್ಳು ಅಲುಗುವುದಿಲ್ಲ. ಮೊದಲೇ ಇದೊಂದನ್ನು ಹಾಕಿಸಿದ್ದರೆ ಉಳಿದ ಎರಡೂ ಮುಕ್ಕಾಲು ಲಕ್ಷದ ಸಂಭ್ರಮವೇ ಬೇಕಿರಲಿಲ್ಲ. ಆಯಿಲ್ ಕೂಲರಿನಿಂದ, ಐದಾರು ಸುತ್ತಿಗೆ 130 ಡಿಗ್ರಿ ಮುಟ್ಟುತ್ತಿದ್ದ ಶಾಖ 108ರ ಸುಮಾರಿಗೆ ನಿಲ್ಲುತ್ತಿದೆ. ಇದೂ ಸಾರ್ಥಕ, ಒಂದು ಷರತ್ತಿನೊಂದಿಗೆ, ಅದು ಮುಂದೆ.

ಫೋರ್ಜ್ಡ್ ಪಿಸ್ಟನ್ ನನ್ನ ಒಣ ಜಂಬ. ಟರ್ಬೊ ಇಲ್ಲದ, ಸುತ್ತಿನ ಮಿತಿಯನ್ನೂ ಏರಿಸದ ಎಂಜಿನ್ನಿಗೆ ಕಂಪನಿಯ ಪಿಸ್ಟನ್ನೇ ಸಾಕಿತ್ತು. ಫೋರ್ಜ್ಡ್ ಲೋಹ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಗೋಡೆಗೂ ಅದಕ್ಕೂ ನಡುವೆ ಜಾಸ್ತಿ ಸಂದು ಬಿಡಬೇಕು. ಹಾಗಾಗಿ ಡಿಸೆಂಬರಿನ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನಾಲ್ಕು ನಿಮಿಷ ಅಡಿಕೆ ಸುಲಿಯುವ ಯಂತ್ರದಂತೆ ಟಕಟಕ. "ಹೆಗಡೆಯವರೇ, ಎಂಜಿನ್ ಬಿಚ್ಚಿಸಬೇಕಾಗಿದೆ ನೋಡಿ" ಎಂದು ಕಳಕಳಿಯಿಂದ ಹೇಳಿಹೋದವರು ಮೂವರು. ಬೋರ್ ಹಿಗ್ಗಿಸಿದ್ದರಿಂದ ಸಿಕ್ಕಿದ್ದು ಒಟ್ಟು ಇಪ್ಪತ್ತು ಸಿಸಿ, 1493 ಹೋಗಿ 1513. ಒಂದು ಸುತ್ತಿಗೆ ಎರಡು ಸೆಕೆಂಡ್ ಉಳಿಯುತ್ತಿದೆ ನಿಜ, ಆದರೆ ಅದರಲ್ಲಿ ಬಹುಪಾಲು ಟೈರಿನದೇ ಎಂಬುದು ನನಗೆ ಗೊತ್ತು. ಕಂಪ್ಯೂಟರಿನ ಉಪಪೆಟ್ಟಿಗೆಯನ್ನು ಎರಡನೆಯ ವರ್ಷ ತೆಗೆದಿಟ್ಟೆ.

ಈಗ 2022ರ ಮಳೆಗಾಲ. ಜೂನ್ ಬಂತೆಂದರೆ ನಮ್ಮಲ್ಲಿ ಪಾದರಕ್ಷೆಗೂ ಬೂಷ್ಟು. ಕಾರು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿತು. "ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿಡು" ಎಂಬ ಊರವರ ಬುದ್ಧಿವಾದವನ್ನು ಶಿರಸಾವಹಿಸಿ ಪಾಲಿಸಿದೆ. ಪ್ರತಿ ಭಾನುವಾರ ಐದು ನಿಮಿಷ. ಪೆಟ್ರೋಲ್ ಉರಿದರೆ ನೀರಿನ ಆವಿ ಹುಟ್ಟುತ್ತದೆ; ಬಿಸಿಯಾದ ಎಂಜಿನ್ ಅದನ್ನು ಹೊರಹಾಕುತ್ತದೆ, ತಣ್ಣಗಿನ ಎಂಜಿನ್ ಒಳಗೇ ಇಟ್ಟುಕೊಳ್ಳುತ್ತದೆ. ಜೊತೆಗೆ ನಾನು ತಂದಿದ್ದ ಆಯಿಲ್ ಕೂಲರಿಗೆ ಥರ್ಮೊಸ್ಟ್ಯಾಟ್ (ಆಯಿಲ್ ಬಿಸಿಯಾಗುವ ತನಕ ಕೂಲರಿನ ದಾರಿ ತಡೆಯುವ ಬಾಗಿಲು) ಇರಲಿಲ್ಲ, ಆಯಿಲ್ ಬೆಚ್ಚಗಾಗಲು ಬಿಡುತ್ತಲೇ ಇರಲಿಲ್ಲ. ಆಗಸ್ಟಿನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಅಡಿಯಲ್ಲಿ ಕಡೆದ ಮಜ್ಜಿಗೆಯ ನೊರೆ. ಅಕ್ಟೋಬರಿನಲ್ಲಿ ಕಂಪ್ರೆಷನ್ ನೋಡಿದೆ: ಮೂರನೆಯ ಸಿಲಿಂಡರಿನಲ್ಲಿ 150. ಪ್ಲಗ್ಗಿನ ತೂತಿನಿಂದ ಕ್ಯಾಮೆರಾ ಇಳಿಸಿದಾಗ ಗೋಡೆಯ ಮೇಲೆ ಪಿಸ್ಟನ್ ನಿಂತಿದ್ದ ಎತ್ತರಕ್ಕೆ ಸರಿಯಾಗಿ ಕುಂಕುಮದ ಗೆರೆ ಎಳೆದಂತೆ ತುಕ್ಕು. ಆ ಸಿಲಿಂಡರಿಗೆ ಗಾಳಿ ಒಳಬಿಡುವ ವಾಲ್ವ್ ತೆರೆದುಕೊಂಡೇ ನಿಂತಿತ್ತು, ತೇವಕ್ಕೆ ಅದೇ ದಾರಿ.

ಏಳು ಸಾವಿರ ಸುತ್ತಿನಲ್ಲಿ ಕೆಡದ ಎಂಜಿನ್ ಮಾಡಿನಡಿ ನಿಂತು ಕೆಟ್ಟಿತು. ಮತ್ತೆ ಇಳಿಸಿ, ಹೋನ್ ಮಾಡಿಸಿ, ಹೊಸ ರಿಂಗ್ ಹಾಕಲು 24,000 ರೂಪಾಯಿ. ಕೂಲರಿಗೆ ಥರ್ಮೊಸ್ಟ್ಯಾಟ್ ಇರುವ ತಟ್ಟೆಗೆ ಇನ್ನೊಂದು 5,500. ಮೊದಲೇ ಕೊಂಡಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಆ ಮಾಡಿನಲ್ಲೇ ಇನ್ನೊಂದು ಶತ್ರುವನ್ನೂ ಸಾಕಿಕೊಂಡಿದ್ದೆ. ಅಡಿಕೆಯ ಕೊಳೆರೋಗದ ಔಷಧಕ್ಕೆಂದು ತಂದ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ ಕಾರಿನ ಮೂತಿಯ ಪಕ್ಕದಲ್ಲೇ ಇತ್ತು. ಅದರ ಪುಡಿ ತೇವದೊಂದಿಗೆ ಸೇರಿ ಅಲ್ಯೂಮಿನಿಯಂ ಮೇಲೆ ಕೂತರೆ ತಾಮ್ರ ಒಂದೆಡೆ ಅಂಟಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ಆಲ್ಟರ್ನೇಟರಿನ ಬ್ರಾಕೆಟ್ ಮೇಲೆ ಸಿಡುಬಿನ ಕಲೆಗಳಂತೆ ಗುಳಿ ಬಿದ್ದಿದ್ದವು. ಈಗ ಚೀಲ ತೋಟದ ಮನೆಗೆ ಹೋಗಿದೆ. ಕಾರವಾರ, ಕುಮಟೆಯ ಕಡೆಯವರಿಗೆ ಮೈಲುತುತ್ತದ ಜಾಗದಲ್ಲಿ ಕಡಲ ಉಪ್ಪಿನ ಗಾಳಿ ಇದೆ, ಅವರು ಇನ್ನೂ ಜಾಗ್ರತೆಯಿಂದಿರಬೇಕು.

2023ರಿಂದ ನನ್ನ ಪದ್ಧತಿ ಬದಲಾಗಿದೆ. ಮೇ ಕೊನೆಗೆ ಆಯಿಲ್ ಹೊಸದು, ಏಕೆಂದರೆ ಹಳೆಯದರಲ್ಲಿ ಆಮ್ಲ ಸೇರಿರುತ್ತದೆ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ, ಕೈಯಲ್ಲೇ ಎಂಜಿನ್ ನಾಲ್ಕು ಸುತ್ತು ತಿರುಗಿಸುತ್ತೇನೆ. ಗಾಳಿ ಒಳಬರುವ ಕೊಳವೆಗೂ ಸೈಲೆನ್ಸರಿನ ಬಾಯಿಗೂ ಬಟ್ಟೆ ತುರುಕುತ್ತೇನೆ, ಸ್ಟೀರಿಂಗಿಗೆ ಅದರದೊಂದು ಚೀಟಿ ಕಟ್ಟುತ್ತೇನೆ. ಸೆಪ್ಟೆಂಬರ್ ಮುಗಿಯುವವರೆಗೆ ಮುಟ್ಟುವುದಿಲ್ಲ. ಮುಟ್ಟಲೇಬೇಕೆನಿಸಿದರೆ ಸ್ಟಾರ್ಟ್ ಮಾಡಿ ಆರಿಸುವುದಲ್ಲ, ನಲವತ್ತು ಕಿಲೋಮೀಟರ್ ಓಡಿಸಿ ಆಯಿಲ್ 90 ಡಿಗ್ರಿ ದಾಟಿಸಬೇಕು.

ಪೆಟ್ರೋಲಿನ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತದ್ದು. ಎಥನಾಲ್ ಆಕ್ಟೇನ್ ಏರಿಸುತ್ತದೆ, ಟ್ರ್ಯಾಕಿನ ಮಟ್ಟಿಗೆ ಅದು ಕೆಟ್ಟದ್ದೇನಲ್ಲ. ಆದರೆ ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳಿಗೆ ಆಗಿಬರುವುದಿಲ್ಲ. ಕೊಳವೆಗಳನ್ನು ಬದಲಿಸಿದೆ; ಮಳೆಗಾಲಕ್ಕೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಸುವುದಿಲ್ಲ.

ಇಲ್ಲಿಂದ ಶಿವಮೊಗ್ಗ, ಮೈಸೂರು, ಚಾಮರಾಜನಗರ ದಾಟಿ ದಿಂಬಂ ಘಟ್ಟ ಇಳಿದು ಕೊಯಮತ್ತೂರು ಸೇರುವುದೆಂದರೆ ಆರುನೂರು ಕಿಲೋಮೀಟರಿಗೆ ಹತ್ತಿರ. ರಾತ್ರಿ ದಿಂಬಂ ದಾರಿ ಮುಚ್ಚುವುದರಿಂದ ಹೊರಡುವ ಹೊತ್ತನ್ನು ಲೆಕ್ಕ ಹಾಕಬೇಕು. ಕಾರು ಅಲ್ಲಿಗೆ ತಾನೇ ಓಡಿಕೊಂಡು ಹೋಗಿ, ಇಪ್ಪತ್ತು ಸುತ್ತು ಹೊಡೆದು, ತಾನೇ ಮನೆಗೆ ಬರುತ್ತದೆ. ಆಯಿಲ್ ಮಾತ್ರ ಮೂರು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಕುಡಿಯುತ್ತದೆ, ಡಿಕ್ಕಿಯಲ್ಲಿ ಒಂದು ಡಬ್ಬಿ ಸದಾ ಇರಬೇಕು.

ಮೊನ್ನೆ ಅಕ್ಟೋಬರಿನಲ್ಲಿ ಸೈಲೆನ್ಸರಿನ ಬಟ್ಟೆ ಎಳೆದೆ, ಒಣಗಿಯೇ ಇತ್ತು. ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಕೊಳವೆಯೊಂದಕ್ಕೆ ಬಟ್ಟೆ ಹಾಕಲು ಮರೆತಿದ್ದೆ, ಅದರ ತುದಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆದೆ. ಬ್ಯಾಟರಿ ಜೋಡಿಸಿ, ಎಂಜಿನ್ ಬಿಸಿ ಮಾಡಿ, ಕಂಪ್ರೆಷನ್ ನೋಡಿದೆ: 204, 206, 203, 205.