ನಡುವೆ ಯಾರೂ ಇಲ್ಲದೆ ಒಮ್ಮೆ, ಏಜೆನ್ಸಿ ಜೊತೆ ಒಮ್ಮೆ: ಬಾಡಿಗೆ ತಾಯಿಯಾಗಲು ಹೊರಟವಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಏಜೆನ್ಸಿಗೆ, ಅಂದರೆ ಹೊರುವವಳನ್ನೂ ಮಗು ಬೇಕಾದ ದಂಪತಿಯನ್ನೂ ಜೋಡಿಸಿ ನಡುವೆ ನಿಲ್ಲುವ ಸಂಸ್ಥೆಗೆ. ಬೇರೆಯವರ ಮಗುವನ್ನು ಹೊರಲು ಇದೇ ಮೊದಲ ಸಲ ಹೊರಟಿದ್ದೀರಾ? ದುಡ್ಡಿನ ಮಾತೆತ್ತಲು ನನ್ನ ಹಾಗೆ ನಿಮಗೂ ನಾಲಿಗೆ ಏಳುವುದಿಲ್ಲವಾ? ಹಾಗಾದರೆ ಏಜೆನ್ಸಿ ಕಡೆಗೇ ಹೋಗಿ. ಕಣ್ಣು ಮುಚ್ಚಿಕೊಂಡಲ್ಲ, ಎರಡೂ ಕಣ್ಣು ಬಿಟ್ಟುಕೊಂಡು.

ನಾನು ಎರಡೂ ದಾರಿಯಲ್ಲಿ ನಡೆದವಳು. ಮೊದಲು ಒಂದು ದಂಪತಿಯ ಜೊತೆ ನೇರವಾಗಿ ಮಾತಾಡಿಕೊಂಡು ಹೊರಟೆ, ಅದು ಅರ್ಧಕ್ಕೆ ನಿಂತಿತು. ಎರಡು ವರ್ಷ ಬಿಟ್ಟು ಏಜೆನ್ಸಿ ಮೂಲಕ ಇನ್ನೊಂದು ದಂಪತಿಗೆ ಹೊತ್ತೆ. ಆ ಮಗುವಿಗೆ ಈಗ ಹಲ್ಲು ಬರುತ್ತಿದೆ. ಮೊದಲನೆಯದು ನಿಂತದ್ದು ಏಜೆನ್ಸಿ ಇಲ್ಲದ್ದರಿಂದ ಅಲ್ಲ, ಭ್ರೂಣ ಕಚ್ಚಿಕೊಳ್ಳಲಿಲ್ಲ, ಅಷ್ಟೇ. ಆ ಲೆಕ್ಕವನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಏಜೆನ್ಸಿಯೋ ನೇರವೋ ಎಂಬ ಪ್ರಶ್ನೆ ಹುಟ್ಟುವುದೇ ಕಾನೂನು ಒಪ್ಪುವ ಕಡೆ ಇರುವವರಿಗೆ. ಭಾರತದಲ್ಲಿ 2021ರ ಕಾಯ್ದೆ ಬಂದ ಮೇಲೆ ಪ್ರತಿಫಲ ಪಡೆದು ಹೊರುವಂತಿಲ್ಲ, ದಲ್ಲಾಳಿಗಳು ನಡುವೆ ಬರುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ ಲಾಭಕ್ಕಾಗಿ ಮಧ್ಯಸ್ಥಿಕೆ ನಡೆಸುವುದು 1985ರಿಂದಲೇ ಅಪರಾಧ. ಅಮೆರಿಕದಲ್ಲಾದರೆ ರಾಜ್ಯಕ್ಕೊಂದು ನಿಯಮ. ಹಾಗಾಗಿ ದಂಪತಿಯನ್ನು ಹುಡುಕುವುದಕ್ಕೂ ಮೊದಲು ಲಾಯರ್ ಹುಡುಕಿ.

ವಯಸ್ಸು, ಹಿಂದಿನ ಹೆರಿಗೆ, ರಕ್ತಪರೀಕ್ಷೆ, ಮನಃಶಾಸ್ತ್ರಜ್ಞರ ಜೊತೆ ಮಾತುಕತೆ, ಇವು ಎರಡೂ ಕಡೆ ಒಂದೇ. ಸ್ವಂತ ಮಗುವನ್ನು ತೊಂದರೆಯಿಲ್ಲದೆ ದಿನ ತುಂಬಿ ಹೆತ್ತಿರಬೇಕು ಎಂದು ಕೇಳುವುದು ಏಜೆನ್ಸಿಯೊಂದೇ ಅಲ್ಲ, ಡಾಕ್ಟರೂ. ಸೂಜಿಯ ನೋವಿನಲ್ಲೂ ವ್ಯತ್ಯಾಸ ಇಲ್ಲ.

ದಂಪತಿಯನ್ನು ಹುಡುಕುವ ವಿಷಯಕ್ಕೆ ಬಂದರೆ ನೇರ ದಾರಿಯೇ ಚೆನ್ನ, ಇದನ್ನು ಒಪ್ಪಿಕೊಳ್ಳಲೇಬೇಕು. ನಾವೇ ಹುಡುಕಿಕೊಂಡಾಗ ತಿಂಗಳುಗಟ್ಟಲೆ ಮಾತಾಡಿರುತ್ತೇವೆ. ಸ್ಕ್ಯಾನಿನಲ್ಲಿ ಮಗುವಿಗೆ ದೊಡ್ಡ ತೊಂದರೆ ಕಂಡರೆ ಏನು ಮಾಡುವುದು, ಎಷ್ಟು ಭ್ರೂಣ ಇಡಿಸುವುದು, ಹೆರಿಗೆ ಕೋಣೆಯಲ್ಲಿ ಯಾರಿರಬೇಕು, ಎಲ್ಲವೂ ಸಾವಕಾಶವಾಗಿ ಹೊರಗೆ ಬಂದಿರುತ್ತದೆ. ಏಜೆನ್ಸಿಯವರು ಒಂದು ಪ್ರೊಫೈಲ್ ಕಳಿಸಿ, ವಾರದೊಳಗೆ ಹೂಂ ಅಥವಾ ಊಹೂಂ ಹೇಳಿ ಅಂದರು. ಅವಸರ ಮಾಡುವವರಿಗೆ ನಾನು ಎರಡು ಸಲ ಊಹೂಂ ಅಂದೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನೀವೂ ಹೆದರಬೇಕಾಗಿಲ್ಲ.

ನಾನು ಏಜೆನ್ಸಿ ಪರವಾದದ್ದು ಯಾಕೆ ಎಂಬುದು ಒಂದೇ ಒಂದು ತೊಡಕಿನ ಕಥೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ದಂಪತಿಯಲ್ಲಿ ಹೆಂಡತಿ ನನಗಿಂತ ಎಂಟು ವರ್ಷ ದೊಡ್ಡವರು. ಮೂರನೆಯ ಫೋನಿಗೇ ನಾನು ‘ಅಕ್ಕ’ ಅಂದೆ, ಅವರು ‘ನೀನು’ ಅಂದರು. ನನಗೆ ಸ್ವಂತ ಅಕ್ಕ ಇಲ್ಲ, ಅದಕ್ಕೇ ಇನ್ನೂ ಹಿಗ್ಗಿದೆ. ಕರಾರು ಬರೆಸುವಾಗ ನನ್ನ ಲಾಯರ್ ಎಸ್ಕ್ರೋ ಖಾತೆ ತೆರೆಸಲೇಬೇಕು ಎಂದರು. (ಅವರ ಲಾಯರ್ ಬೇರೆ, ನನ್ನ ಲಾಯರ್ ಬೇರೆ. ಇಬ್ಬರಿಗೂ ಒಬ್ಬರೇ ಸಾಕು ಅನ್ನುವವರ ಹತ್ತಿರ ಕರಾರಿನ ಮಾತೇ ಬೇಡ.) ಎಸ್ಕ್ರೋ ಅಂದರೆ, ದಂಪತಿ ಕೊಡಬೇಕಾದ ಹಣವನ್ನು ಔಷಧಿ ಶುರುವಾಗುವ ಮೊದಲೇ ಮೂರನೆಯವರ ಕೈಗೆ ಒಪ್ಪಿಸಿರಬೇಕು. ಕರಾರಿನಲ್ಲಿ ಬರೆದ ಲೆಕ್ಕದಂತೆ ಅವರು ನಮಗೆ ಕಳಿಸುತ್ತಾರೆ. ಅಕ್ಕ, ‘ನಮ್ಮಿಬ್ಬರ ಮಧ್ಯೆ ಅದೆಲ್ಲ ಯಾಕೆ? ಅದಕ್ಕೊಂದು ಫೀಸು ಬೇರೆ. ನೀನು ಬಿಲ್ ಕಳಿಸು, ಅವತ್ತೇ ಹಾಕ್ತೀನಿ’ ಅಂದರು. ನಾನೂ ‘ಅಲ್ವಾ ಅಕ್ಕ’ ಅಂದೆ. ಲಾಯರ್ ಒಂದು ಕ್ಷಣ ನನ್ನ ಮುಖ ನೋಡಿ, ಮುಂದಿನ ಪುಟ ತಿರುಗಿಸಿದರು.

ಕರಾರಿನಲ್ಲಿ ಭ್ರೂಣ ಇಡುವ ದಿನಕ್ಕೆ ಒಂದು ಮೊತ್ತ ಇತ್ತು. ಮಗುವಿನ ಎದೆಬಡಿತ ಸ್ಕ್ಯಾನಿನಲ್ಲಿ ಕಂಡ ಮೇಲೆ ತಿಂಗಳ ಕಂತು. ಇವೆರಡನ್ನು ಬಿಟ್ಟು ಉಳಿದದ್ದಕ್ಕೆ ‘ತಗಲುವ ಖರ್ಚು, ಬಿಲ್ ಕೊಟ್ಟ ಮೇಲೆ’ ಎಂಬ ಒಂದೇ ಸಾಲು. ಮೊದಲ ಸಲ ಎಸ್ಟ್ರೋಜನ್ ಹಾರ್ಮೋನಿನ ಗುಳಿಗೆ ನುಂಗಿದೆ, ಅದರದೇ ಪ್ಯಾಚ್ ಮೈಗೆ ಅಂಟಿಸಿಕೊಂಡೆ, ನಾಲ್ಕು ಸಲ ಸ್ಕ್ಯಾನಿಗೆ ಓಡಿದೆ. ಗರ್ಭಕೋಶದ ಒಳಪದರ, ಕ್ಲಿನಿಕ್ಕಿನವರು ಲೈನಿಂಗ್ ಅನ್ನುವುದು, ಕಡೇಪಕ್ಷ 7 ಮಿಲಿಮೀಟರ್ ಆದರೂ ದಪ್ಪವಾಗಬೇಕು ಎಂದು ಸಾಮಾನ್ಯವಾಗಿ ನೋಡುತ್ತಾರೆ. ನನ್ನದು 5.8ಕ್ಕೆ ಹಠ ಹಿಡಿದು ಕೂತಿತು. ಆ ಸೈಕಲ್, ಅಂದರೆ ಔಷಧಿಯಿಂದ ಭ್ರೂಣ ಇಡುವವರೆಗಿನ ಆ ಸುತ್ತು, ರದ್ದು. ಓಡಾಟ, ಸಂಬಳವಿಲ್ಲದ ನಾಲ್ಕು ದಿನದ ರಜೆ, ಮಗಳನ್ನು ನೋಡಿಕೊಳ್ಳಲು ಬಂದವರಿಗೆ ಕೊಟ್ಟದ್ದು, ಎಲ್ಲ ನನ್ನ ಕೈಯಿಂದ ಹೋಯಿತು. ಸೈಕಲ್ ರದ್ದಾದರೆ ಏನು ಎಂದು ಕರಾರಿನಲ್ಲಿ ಒಂದಕ್ಷರವೂ ಇರಲಿಲ್ಲ. ಕೇಳಬಹುದಿತ್ತು. ಅಕ್ಕ ಅವತ್ತು ‘ಪರವಾಗಿಲ್ಲ, ನಿನ್ನ ತಪ್ಪೇನಿಲ್ಲ’ ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಅಂಥವರಿಗೆ ಬಿಲ್ ಕಳಿಸುವುದು ಹೇಗೆ? ಮುಂದಿನ ಸಲದ್ದರ ಜೊತೆ ಸೇರಿಸಿ ಕೇಳಿದರಾಯಿತು ಎಂದುಕೊಂಡೆ.

ಎರಡನೇ ಸಲ ಲೈನಿಂಗ್ ಬೆಳೆಯಿತು. ಗರ್ಭ ನಿಲ್ಲಲೆಂದು ಕೊಡುವ ಪ್ರೊಜೆಸ್ಟರಾನ್ ಇಂಜೆಕ್ಷನ್ ಶುರು ಮಾಡಿ, ಐದು ದಿನ ಬೆಳೆಸಿದ ಒಂದು ಭ್ರೂಣ ಇಟ್ಟರು. ಆ ಇಂಜೆಕ್ಷನ್ ಎಣ್ಣೆಯಲ್ಲಿ ಕಲಸಿದ ಔಷಧಿ, ಸೊಂಟದ ಕೆಳಗೆ ಮಾಂಸಖಂಡಕ್ಕೆ ಚುಚ್ಚಬೇಕು. ನಮ್ಮೆಜಮಾನರು ಪ್ರತಿ ರಾತ್ರಿ ಕೈ ನಡುಗಿಸಿಕೊಂಡು ಚುಚ್ಚುತ್ತಿದ್ದರು. ಎರಡೂ ಕಡೆ ಗಂಟುಗಂಟಾಗಿ ಕೂರುವುದೇ ಕಷ್ಟವಾಯಿತು. ಹತ್ತನೇ ದಿನ ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಅಕ್ಕ ಫೋನಿನಲ್ಲಿ ಅತ್ತದ್ದು ಈಗಲೂ ಕಿವಿಯಲ್ಲಿದೆ. ಹನ್ನೊಂದು ವರ್ಷದಿಂದ ಕಾದವರು.

ಅದೇ ಫೋನಿನಲ್ಲಿ, ಬರೆದು ಕಳಿಸದೆ ಉಳಿಸಿದ ಮೆಸೇಜಾಗಿ, ನನ್ನ ಲೆಕ್ಕವೂ ಕೂತಿತ್ತು. ಒಂಬತ್ತು ದಿನದ ರಜೆ, ಓಡಾಟ, ಮೊದಲ ಸಲದ ಬಾಕಿ. ಐದು ವಾರ ಅದು ಹಾಗೇ ಇತ್ತು. ನುಂಗಲಾರದ ತುತ್ತು, ಉಗುಳುವ ಹಾಗೂ ಇಲ್ಲ. ಮನೆಯ ಖಾತೆಯಲ್ಲಿ ಕಂತು ಕಟ್ಟುವ ದಿನ ಬಂದಾಗ ನಮ್ಮೆಜಮಾನರು ‘ಕೇಳಿದ್ಯಾ?’ ಅಂದರು. ನಾನು ಅವರ ಮೇಲೆ ರೇಗಿದೆ. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಮೂರು ಸಲ ತಿದ್ದಿ, ಎರಡು ಸಲ ‘ಸಾರಿ ಅಕ್ಕ’ ಸೇರಿಸಿ ಕಳಿಸಿದೆ.

ಮರುದಿನವೇ ಹಣ ಬಂತು. ಒಂದು ಪೈಸೆಯೂ ಕಡಿಮೆ ಇರಲಿಲ್ಲ. ಜೊತೆಗೆ ಒಂದು ಸಾಲು: ‘ಕಳಿಸಿದ್ದೇನೆ. ಬಂತಾ ನೋಡಿ.’

‘ನೋಡು’ ಅಲ್ಲ, ‘ನೋಡಿ’. ಅಲ್ಲಿಂದ ಮುಂದೆ ನಾನು ಅವರಿಗೆ ‘ನೀವು’ ಆದೆ. ಯಾರೂ ಜಗಳವಾಡಲಿಲ್ಲ, ಯಾರೂ ತಪ್ಪು ಮಾಡಲಿಲ್ಲ. ಎರಡು ತಿಂಗಳ ಮೇಲೆ ಅವರು ಇನ್ನು ಸಾಕು ಅಂದರು, ಕರಾರು ಮುಗಿಸಿದೆವು. ಕೊಡುವವರ ಕೈ ಸಣ್ಣದಾಗಿರಲಿಲ್ಲ. ಆದರೆ ಅಳುತ್ತಿರುವವರ ಮುಂದೆ ನಾನೇ ಕೈಚಾಚಬೇಕಾಗಿ ಬಂತಲ್ಲ, ಅದು ಇಬ್ಬರಿಗೂ ಆಗಬಾರದಿತ್ತು.

ಏಜೆನ್ಸಿಯಲ್ಲಿ ಇದು ಹೇಗೆ ನಡೆಯಿತು ಗೊತ್ತಾ? ತಿಂಗಳ ಕೊನೆಗೆ ಒಂದು ಫಾರಂ. ಎಷ್ಟು ಓಡಾಟ, ಎಷ್ಟು ರಜೆ ಎಂದು ತುಂಬಿಸಿ, ರಸೀದಿಗಳ ಫೋಟೋ ಸೇರಿಸಿ ಎಸ್ಕ್ರೋದವರಿಗೆ ಕಳಿಸುವುದು. ವಾರದಲ್ಲಿ ಹಣ. ರದ್ದಾದ ಸೈಕಲ್ಲಿಗೆ ಇಷ್ಟು, ಹೊಟ್ಟೆ ಕೊಯ್ದು ಹೆರಿಗೆಯಾದರೆ ಇಷ್ಟು, ಡಾಕ್ಟರು ಮಲಗಿರು ಎಂದರೆ ವಾರಕ್ಕೆ ಇಷ್ಟು, ಎಲ್ಲವನ್ನೂ ಕರಾರಿನಲ್ಲಿ ಮೊದಲೇ ಬಿಡಿಬಿಡಿಯಾಗಿ ಬರೆಸಿದ್ದರು. ನಾನು ಯೋಚಿಸಿಯೂ ಇರದ ಸಾಲುಗಳು ಅಲ್ಲಿದ್ದವು. ಎರಡನೇ ದಂಪತಿಗೂ ನನಗೂ ನಡುವೆ ಒಂದು ದಿನವೂ ದುಡ್ಡಿನ ಮಾತು ಬರಲಿಲ್ಲ. ಇಪ್ಪತ್ತನೇ ವಾರದಲ್ಲಿ ರಕ್ತದೊತ್ತಡ ಏರಿ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗಲೂ ಅವರು ಕೇಳಿದ್ದು ‘ಹೇಗಿದ್ದೀರಿ’ ಎಂದು, ನಾನು ಹೇಳಿದ್ದು ‘ಒದೀತಿದೆ’ ಎಂದು. ಇವರ ಜೊತೆ ಕೊನೆಯವರೆಗೂ ‘ನೀವು’ ಎಂದೇ ಇತ್ತು. ಮೊದಲಿನಿಂದಲೇ ‘ನೀವು’ ಆಗಿದ್ದರೆ ನೋವಾಗುವುದಿಲ್ಲ.

ಹಾಗೆಂದು ಏಜೆನ್ಸಿ ಬಂಗಾರ ಅಂದುಕೊಳ್ಳಬೇಡಿ. ಒಂಬತ್ತು ತಿಂಗಳಿಗೆ ನನಗೆ ಮೂವರು ಕೋಆರ್ಡಿನೇಟರ್. ಹೊಸಬರು ಬಂದಾಗಲೆಲ್ಲ ಲೈನಿಂಗ್ ಪುರಾಣ ಮೊದಲಿನಿಂದ. ದಂಪತಿಗೆ ಕಳಿಸುವ ಮೆಸೇಜುಗಳನ್ನೂ ಮೊದಲ ತಿಂಗಳುಗಳಲ್ಲಿ ಗ್ರೂಪಿನಲ್ಲೇ, ಏಜೆನ್ಸಿಯವರ ಕಣ್ಣೆದುರೇ ಹಾಕಬೇಕಿತ್ತು. ಏಜೆನ್ಸಿಗೆ ಫೀಸು ಕೊಡುವುದು ದಂಪತಿ, ನಾವಲ್ಲ. ಹಾಗಾಗಿ ಇಕ್ಕಟ್ಟು ಬಂದಾಗ ಅವರು ಯಾರ ಕಡೆ ವಾಲುತ್ತಾರೆ ಎಂಬ ಅನುಮಾನವನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡೇ ಇರಿ. ನನ್ನ ಲಾಯರ್ ಅವರ ಪಟ್ಟಿಯಲ್ಲಿದ್ದವರಲ್ಲ, ಹಳಬರೇ. ಅವರು ಏಜೆನ್ಸಿಯ ಕಾಗದದಲ್ಲಿದ್ದ ಒಂದು ಸಾಲು ಹೊಡೆದು ಹಾಕಿಸಿದರು: ಇದೇ ದಂಪತಿಗೆ ಎರಡನೇ ಮಗು ಹೊರುವುದಾದರೂ ಏಜೆನ್ಸಿ ಮೂಲಕವೇ ಬರಬೇಕಂತೆ.

ಮೈಮೇಲೆ ಬರುವ ಅಪಾಯ ಎರಡೂ ಕಡೆ ನಮ್ಮದೇ. ಏಜೆನ್ಸಿ ಇದ್ದರೆ ರಕ್ತದೊತ್ತಡ ಏರುವುದಿಲ್ಲ ಎಂದೇನಿಲ್ಲ.

ಇನ್ಶೂರೆನ್ಸ್ ವಿಷಯ ಒಂದೇ ಮಾತಲ್ಲಿ ಹೇಳುವುದಾದರೆ, ನಿಮ್ಮ ಪಾಲಿಸಿಯನ್ನು ಪೂರ್ತಿ ಓದಿಸಿ. ಬೇರೆಯವರಿಗಾಗಿ ಹೊರುವ ಗರ್ಭವನ್ನು ಹೊರಗಿಡುವ ಪಾಲಿಸಿಗಳಿವೆ. ಏಜೆನ್ಸಿ ಇದನ್ನು ಮೊದಲ ವಾರವೇ ನೋಡಿಸಿತು. ನೇರ ದಾರಿಯಲ್ಲಿ ನಾನೂ ಅಕ್ಕನೂ ಅದನ್ನು ನೆನೆಸಿಕೊಂಡಿರಲೇ ಇಲ್ಲ, ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಣದ ಲೆಕ್ಕದಲ್ಲಿ ನೇರ ದಾರಿಯೇ ಅಗ್ಗ, ದಂಪತಿಗೆ. ಏಜೆನ್ಸಿಗೆ ಕೊಡುವುದು ಉಳಿದರೆ ಅದರಲ್ಲಿ ಒಂದು ಪಾಲು ಹೊರುವವಳಿಗೂ ಬರಬಹುದು. ತಿಂಗಳ ಸಂಬಳದಲ್ಲಿ ಉಳಿತಾಯ ಇರುವವಳು, ಎರಡು ತಿಂಗಳ ಬಾಕಿ ತಡೆದುಕೊಳ್ಳಬಲ್ಲವಳು, ‘ಇದಿಷ್ಟು ಆಗುತ್ತೆ, ಕೊಡಿ’ ಎಂದು ನಗುನಗುತ್ತಲೇ ಕೇಳಬಲ್ಲವಳು ಯಾರಾದರೂ ಇದ್ದರೆ, ಒಳ್ಳೆಯ ಲಾಯರ್ ಮತ್ತು ಎಸ್ಕ್ರೋ ಇಟ್ಟುಕೊಂಡು ನೇರವಾಗಿಯೇ ಹೋಗಲಿ. ನನ್ನ ವಾರಗಿತ್ತಿ ಅಂಥವಳು, ಅವಳಿಗೆ ಏಜೆನ್ಸಿ ದಂಡ. ನಾನು ಕೊಟ್ಟ ಸಾಲವನ್ನೂ ವಾಪಸ್ ಕೇಳಲಾರದವಳು. ತಿಂಗಳ ಕೊನೆಗೆ ನಮ್ಮ ಖಾತೆಯಲ್ಲಿ ಉಳಿಯುವುದೂ ಅಷ್ಟಕ್ಕಷ್ಟೇ.

ಏಜೆನ್ಸಿಗೆ ಮೊದಲ ಸಲ ಫೋನ್ ಮಾಡಿದಾಗ ದಂಪತಿಗಳ ಬಗ್ಗೆ ಕೇಳುವ ಮುಂಚೆ ಎಸ್ಕ್ರೋ ಹಣ ಎಲ್ಲಿರುತ್ತದೆ, ಯಾರ ಹೆಸರಿನಲ್ಲಿ ಎಂದು ಕೇಳಿ. 2009ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಏಜೆನ್ಸಿ ಬಾಗಿಲು ಹಾಕಿದಾಗ ದಂಪತಿಗಳು ಇಟ್ಟ ಹಣವೂ ಹೋಯಿತು, ಬಸಿರಾಗಿದ್ದವರು ನಡುದಾರಿಯಲ್ಲಿ ನಿಂತರು. 2024ರಲ್ಲಿ ಅಮೆರಿಕದ್ದೇ ಹ್ಯೂಸ್ಟನ್ನಿನಲ್ಲಿ ಏಜೆನ್ಸಿಯಲ್ಲ, ಎಸ್ಕ್ರೋ ಕಂಪನಿಯಲ್ಲೇ ಹಣ ಸಿಗದೆ ಹೋಯಿತು. ಆದ್ದರಿಂದ ಏಜೆನ್ಸಿಗೆ ಸಂಬಂಧವಿಲ್ಲದ ಬೇರೆ ಸಂಸ್ಥೆಯೇ ಆಗಿರಬೇಕು, ಹಣಕ್ಕೆ ಭದ್ರತೆ ಏನು ಎಂದು ಕಾಗದದಲ್ಲಿ ತೋರಿಸಬೇಕು, ಖಾತೆಯಲ್ಲಿ ಎಷ್ಟಿದೆ ಎಂದು ನಿಮ್ಮ ಲಾಯರ್ ಯಾವಾಗ ಬೇಕಾದರೂ ನೋಡುವ ಹಾಗಿರಬೇಕು. ‘ಅದೆಲ್ಲ ನಮ್ಮಲ್ಲೇ ಇರುತ್ತೆ, ಯೋಚನೆ ಮಾಡಬೇಡಿ’ ಎಂದು ಯಾರಾದರೂ ಅಂದರೆ, ನಮಸ್ಕಾರ ಹೇಳಿ ಫೋನಿಟ್ಟುಬಿಡಿ.